ಸಿಇಟಿ, ಸ್ಕಾಲರ್‌ಶಿಪ್ ಅರ್ಜಿ: ಮಗಳನ್ನು ಮನೆಯಲ್ಲಿ ಬಿಟ್ಟು ಸೈಬರ್‌ಗೆ ಹೋಗಬೇಡಿ

"ಮಗಳು ಸೆಕೆಂಡ್ ಪಿಯುಸಿ. ಅವಳ ಓದು ಹಾಳಾಗಬಾರದು. ಸಿಇಟಿ ಅರ್ಜಿ, ಸ್ಕಾಲರ್‌ಶಿಪ್ ಎಲ್ಲ ಸೈಬರ್‌ನವರಿಗೆ ಒಪ್ಪಿಸಿದರೆ ಸಾಕಾ, ಇಲ್ಲಾ ನಾವೇ ಮಾಡಬೇಕಾ, ಯಾವ ಸ್ಕಾಲರ್‌ಶಿಪ್ ಒಳ್ಳೆಯದು" ಅಂತ ಕೇಳಿದ್ದೀರಿ. ಅವಳ ಓದು ಹಾಳಾಗಬಾರದು ಅನ್ನೋ ಮಾತನ್ನು ನಾನೂ ಆಡಿದ್ದೆ. ಅದಕ್ಕೇ ಕೆಲಸ ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. ಒಂದೂವರೆ ಎಕರೆ ತೆಂಗಿನ ತೋಟ ಇದೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗಳು ದೊಡ್ಡವಳು, ಮಗ ಅವಳಿಗಿಂತ ಎರಡು ವರ್ಷ ಚಿಕ್ಕವನು. ಮಗಳು 2023ರಲ್ಲಿ ಸಿಇಟಿ ಬರೆದಳು. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆ, ಕನ್ನಡ ಮೀಡಿಯಂ. ಚೆನ್ನಾಗಿ ಓದುತ್ತಿದ್ದಳು. ಇಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಅಂತ ಅವಳೇ ನನಗೆ ಲೆಕ್ಕ ಹೇಳಿಕೊಟ್ಟಿದ್ದಳು. ಅದನ್ನೆಲ್ಲ ತಿಳಿದುಕೊಂಡಿದ್ದ ಹುಡುಗಿಯನ್ನು ನಾನು ಅರ್ಜಿಯ ಹತ್ತಿರಕ್ಕೂ ಬಿಟ್ಟುಕೊಳ್ಳಲಿಲ್ಲ. "ನೀನು ಓದ್ಕೋ. ಪೇಪರ್ ಕೆಲಸ ನಾವು ನೋಡ್ಕೊಳ್ತೀವಿ" ಅಂದೆ.

ಅರ್ಜಿ ಹಾಕಿದ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ದಾರ, ಹುಕ್ಕು, ಲೈನಿಂಗ್ ಬಟ್ಟೆ ತರೋದಿತ್ತು. ಹೇಗೂ ಪೇಟೆಗೆ ಹೋಗುತ್ತೇನಲ್ಲ, ಇದನ್ನೂ ಮುಗಿಸಿ ಬರೋಣ ಅಂತ ಹೊರಟೆ. ಬೀರುವಿನಿಂದ ಮಗಳ ಜಾತಿ ಆದಾಯ ಸರ್ಟಿಫಿಕೇಟ್ ತೆಗೆದುಕೊಂಡೆ. ಅದು ಅವಳು ಏಳನೇ ಕ್ಲಾಸಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆ ಅಂತ ನಾಡಕಚೇರಿಯಲ್ಲಿ ಮಾಡಿಸಿದ್ದು. ಹಾಳಾಗದಿರಲಿ ಅಂತ ಆವಾಗಲೇ ಲ್ಯಾಮಿನೇಷನ್ ಮಾಡಿಸಿಟ್ಟಿದ್ದೆ. ಮೂಲೆ ಕೂಡ ಮಡಚಿರಲಿಲ್ಲ, ಹೊಸದರ ಹಾಗೆ ಹೊಳೆಯುತ್ತಿತ್ತು. ಅದರ ದಿನಾಂಕ ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ.

ನಾವು ಹಿಂದುಳಿದ ವರ್ಗದಲ್ಲಿ 2ಎ. 2ಎ, 2ಬಿ, 3ಎ, 3ಬಿ ಇವರಿಗೆ ಜಾತಿ ಮತ್ತು ಆದಾಯ ಎರಡೂ ಒಂದೇ ಪತ್ರದಲ್ಲಿ ಬರುತ್ತದೆ. ಅದು ಐದು ವರ್ಷ ಮಾತ್ರ ನಡೆಯುತ್ತದೆ. ಆದಾಯ ಬದಲಾಗಬಹುದು ಅಂತ ಅವಧಿ ಇಟ್ಟಿರುತ್ತಾರೆ. ಆದರೆ ಅವಧಿ ಮುಗಿದಾಗ ಆದಾಯದ ಜೊತೆ ಜಾತಿಯ ಮೀಸಲಾತಿಯೂ ಹೋಗುತ್ತದೆ, ಯಾಕೆಂದರೆ ಇರೋದೇ ಒಂದು ಪತ್ರ. ನಮ್ಮದು ಮುಗಿದು ಆಗಲೇ ತಿಂಗಳುಗಳಾಗಿದ್ದವು. ಜಾತಿ ಬದಲಾಗೋದಿಲ್ಲವಲ್ಲ, ಪತ್ರ ಯಾಕೆ ಹಳೆಯದಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಸೈಬರ್‌ನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಹುಡುಗ ಪತ್ರದ ಮೇಲಿನ ಆರ್‌ಡಿ ನಂಬರ್ ಹೊಡೆದ. ಕಂಪ್ಯೂಟರ್ ತೆಗೆದುಕೊಳ್ಳಲಿಲ್ಲ. ಮತ್ತೆ ಹೊಡೆದ. ಹಿಂದೆ ಜನ ಗಲಾಟೆ ಮಾಡುತ್ತಿದ್ದರು. "ಅಕ್ಕ, ಈಗ ಜನರಲ್ ಅಂತ ಹಾಕಿರ್ತೀನಿ, ಆಮೇಲೆ ಎಡಿಟ್ ಮಾಡೋಕೆ ಬಿಡ್ತಾರೆ" ಅಂದ. ಆಯ್ತಪ್ಪ ಅಂದೆ.

ಆಮೇಲೆ ಮೊಬೈಲ್ ನಂಬರ್ ಕೇಳಿದ. ನನ್ನ ಫೋನ್ ಚಾರ್ಜ್ ಇಲ್ಲದೆ ಆಫ್ ಆಗಿತ್ತು. ಮನೆಯವರ ನಂಬರ್ ಕೊಟ್ಟೆ. ಅವರು ತೋಟದಲ್ಲಿದ್ದರು, ಅಲ್ಲಿ ಸಿಗ್ನಲ್ ಇಲ್ಲ, ಓಟಿಪಿ ಹೇಳೋರು ಯಾರು? "ಸದ್ಯಕ್ಕೆ ನನ್ನದೇ ನಂಬರ್ ಹಾಕ್ತೀನಿ ಅಕ್ಕ" ಅಂದ. ಅದಕ್ಕೂ ಆಯ್ತು ಅಂದೆ. ಸಾಯಂಕಾಲದ ಬಸ್ಸಿಗೆ ಮನೆಗೆ ಬಂದು, "ಎಲ್ಲಾ ಮುಗೀತು, ನೀನು ಓದು" ಅಂತ ಮಗಳಿಗೆ ಹೇಳಿದೆ.

ಮಗಳಿಗೆ ಸರ್ಕಾರಿ ಕಾಲೇಜಿನ ಸೀಟು ತಪ್ಪಿಸಿದ್ದು ಆ ಫೋನ್ ನಂಬರ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪತ್ರ ಹಳೆಯದಾಗಿದ್ದು ಸರಿಮಾಡಬಹುದಾದ ತಪ್ಪು. ನಾಡಕಚೇರಿಗೆ ಹೋದರೆ ಹೊಸದು ಸಿಗುತ್ತಿತ್ತು. ಜನರಲ್ ಅಂತ ಹಾಕಿದ್ದೂ ಸರಿಮಾಡಬಹುದಾದ ತಪ್ಪೇ. ತಿದ್ದುಪಡಿಗೆ ನಿಜವಾಗಿಯೂ ದಿನ ಕೊಟ್ಟಿದ್ದರು, ಆ ಹುಡುಗ ಸುಳ್ಳು ಹೇಳಿರಲಿಲ್ಲ. ಆದರೆ ಆ ದಿನ ಯಾವುದು ಅಂತ ಹೇಳುವ ಮೆಸೇಜ್ ಬಂದಿದ್ದು ಅವನ ಫೋನಿಗೆ. ಅವನ ನಂಬರಿನಲ್ಲಿ ಇನ್ನೂ ಎಷ್ಟು ಮಕ್ಕಳ ಅರ್ಜಿ ಇದ್ದವೋ. ಅಷ್ಟರಲ್ಲಿ ನನ್ನ ಮಗಳದು ಯಾವುದು ಅಂತ ಅವನು ಹುಡುಕುತ್ತಾನಾ? ಲಾಗಿನ್ ಆಗೋಣ ಅಂದರೆ ಪಾಸ್‌ವರ್ಡ್ ಅವನ ಹತ್ತಿರ. ಪಾಸ್‌ವರ್ಡ್ ಬದಲಾಯಿಸೋಣ ಅಂದರೆ ಓಟಿಪಿ ಅವನ ಫೋನಿಗೆ. ಅಂದರೆ ಅರ್ಜಿ ನನ್ನ ಮಗಳದು, ಬಾಗಿಲ ಕೀಲಿ ಬೇರೆಯವರ ಜೇಬಿನಲ್ಲಿ. ಅವಳಿಗೆ ಅವಳದೇ ಸಿಮ್ ಇತ್ತು, ಇ-ಮೇಲ್ ಇತ್ತು. ದಿನಕ್ಕೆ ಹತ್ತು ಸಲ ಫೋನ್ ನೋಡುತ್ತಿದ್ದಳು. ಅವಳ ನಂಬರ್ ಕೊಟ್ಟಿದ್ದರೆ ಅವತ್ತೇ ನೋಡಿ ನನ್ನನ್ನು ಎಬ್ಬಿಸುತ್ತಿದ್ದಳು. ಓದುವ ಹುಡುಗಿಗೆ ತೊಂದರೆ ಬೇಡ ಅಂತ ನಾನೇ ಕೊಡಲಿಲ್ಲ.

ರಿಸಲ್ಟ್ ಬಂದು, ಕಾಲೇಜು ಆಯ್ಕೆ ಮಾಡುವ ಹೊತ್ತಿಗೆ ಅವಳು ಮೊದಲ ಸಲ ತನ್ನ ವಿವರ ನೋಡಿದಳು. ಜಾತಿಯ ಜಾಗದಲ್ಲಿ ಜಿಎಂ, ಅಂದರೆ ಜನರಲ್. ಮಾತಾಡದೆ ಫೋನನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಮಾರನೇ ದಿನ ಬೆಳಗಿನ ರೈಲು ಹಿಡಿದು ಇಬ್ಬರೂ ಬೆಂಗಳೂರಿಗೆ, ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ ಕಚೇರಿಗೆ ಹೋದೆವು. ತಿದ್ದುಪಡಿ ಅವಧಿ ಮುಗಿದಿತ್ತು. ಅವರನ್ನು ದೂರೋಕೆ ಏನೂ ಇರಲಿಲ್ಲ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇದ್ದಿದ್ದರಿಂದ ಅವಳಿಗೊಂದು ಸೀಟು ಸಿಕ್ಕಿತು. ಹತ್ತು ವರ್ಷ ಹಳ್ಳಿಯಲ್ಲಿ ಓದಿದ್ದಕ್ಕೆ ಶಾಲೆಯಿಂದ ಬರೆಸಿ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿದ್ದ ವ್ಯಾಸಂಗ ಪತ್ರ ಕೈ ಹಿಡಿಯಿತು. ಸಿಕ್ಕಿದ್ದು ಖಾಸಗಿ ಕಾಲೇಜು, ವರ್ಷಕ್ಕೆ ಎಂಬತ್ತು ಸಾವಿರದ ಆಸುಪಾಸು. ಹಿಂದಿನ ವರ್ಷದ ಕಟ್‌ಆಫ್ ನೋಡಿದರೆ 2ಎ ಲೆಕ್ಕದಲ್ಲಿ ಅವಳಿಗೆ ಸರ್ಕಾರಿ ಕಾಲೇಜು ಬರುತ್ತಿತ್ತು. ಫೀಸೂ ಇದಕ್ಕಿಂತ ಬಹಳ ಕಡಿಮೆ. ಎಸ್‌ಎನ್‌ಕ್ಯೂ ಅಂತ ಇನ್ನೊಂದು ಇದೆ. ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಇಲ್ಲ. ಅದಕ್ಕೂ ಆದಾಯದ ಪತ್ರವೇ ಆಧಾರ. ಅದೂ ಹೋಯಿತು.

ಫೀಸಿಗೆ ನನ್ನ ಎರಡೆಳೆ ಸರ ಅಡ ಇಟ್ಟೆವು. ಅದನ್ನೂ ಅವಳಿಗೆ ಹೇಳಲಿಲ್ಲ. ಹಬ್ಬಕ್ಕೆ ಬಂದಾಗ ನನ್ನ ಬರೀ ಕತ್ತು ನೋಡಿ ಅವಳೇ ಕಂಡುಹಿಡಿದಳು. "ಅಮ್ಮ, ಆ ಪೇಪರ್ ಒಂದು ಸಲ ನನ್ನ ಕೈಗೆ ಕೊಟ್ಟಿದ್ರೆ ಡೇಟ್ ನೋಡ್ತಿದ್ದೆ" ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸೈಬರ್‌ನವರಾ ನಾವಾ ಅಂತ ಕೇಳಿದ್ದೀರಿ. ಎರಡೂ ಅಲ್ಲ. ನಿಮ್ಮ ಮಗಳು. ಅರ್ಜಿಯಲ್ಲಿರೋದು ಅವಳ ಹೆಸರು, ಅವಳ ಆಧಾರ್, ಅವಳ ಅಂಕ. ಹದಿನೇಳು ವರ್ಷದ ಹುಡುಗಿಗೆ ಇದಕ್ಕೆ ಬೇಕಾಗೋದು ಎರಡು ಮೂರು ಸಂಜೆ. ಅಷ್ಟಕ್ಕೆ ಯಾರ ಓದೂ ಹಾಳಾಗೋದಿಲ್ಲ. ಸೈಬರ್‌ಗೆ ಸ್ಕ್ಯಾನ್ ಮಾಡಿಸೋಕೆ, ಪ್ರಿಂಟ್ ತೆಗೆಸೋಕೆ ಹೋಗಿ, ಆದರೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ. ನಂಬರ್ ಅವಳದೇ ಇರಲಿ. ಪಾಸ್‌ವರ್ಡ್ ಅವಳೇ ಬರೆದಿಟ್ಟುಕೊಳ್ಳಲಿ.

ಯಾವ ಸ್ಕಾಲರ್‌ಶಿಪ್ ಒಳ್ಳೆಯದು ಅನ್ನೋದು ಈಗ ಕೇಳುವ ಪ್ರಶ್ನೆ ಅಲ್ಲ ಅಂತ ನನ್ನ ಅಭಿಪ್ರಾಯ. ಕಾಗದ ಸರಿ ಇದ್ದರೆ ಸಿಗುವುದಕ್ಕೆಲ್ಲ ಅರ್ಜಿ ಹಾಕಬಹುದು. ಕಾಗದ ತಪ್ಪಿದ್ದರೆ ಒಂದೂ ದಕ್ಕೋದಿಲ್ಲ. ಮಗಳಿಗೆ ಹೊಸ ಜಾತಿ ಆದಾಯ ಪತ್ರ ಮಾಡಿಸಿದ ಮೇಲೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಅರ್ಜಿಗಳಿಗೆ ಇರುವ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಹಾಕಿದೆವು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ಊಟ ವಸತಿಗೆ ಅಂತ ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ಅದು ಮಂಜೂರಾಯಿತು, ದುಡ್ಡು ಮಾತ್ರ ಬರಲಿಲ್ಲ. ಆಮೇಲೆ ಗೊತ್ತಾಯಿತು, ಬ್ಯಾಂಕಿನಲ್ಲಿ ಆಧಾರ್ ಲಿಂಕ್ ಆಗೋದು ಬೇರೆ, ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವೆ ದುಡ್ಡು ಸಾಗಿಸುವ ಸಂಸ್ಥೆ) ಸೀಡಿಂಗ್ ಆಗೋದು, ಅಂದರೆ ಆಧಾರ್‌ಗೆ ಯಾವ ಖಾತೆ ಅಂತ ಅಲ್ಲಿ ದಾಖಲಾಗೋದು ಬೇರೆ. ಪಾಸ್‌ಬುಕ್ ಕೊಟ್ಟ ಖಾತೆಗೇ ದುಡ್ಡು ಬರುತ್ತದೆ ಅಂತಿಲ್ಲ. ಸರ್ಕಾರದ ದುಡ್ಡು ಸೀಡಿಂಗ್ ಆದ ಖಾತೆಗೆ ಮಾತ್ರ ಬರುತ್ತದೆ. ಬ್ಯಾಂಕಿಗೆ ಹೋಗಿ "ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ" ಅಂತ ಅದೇ ಪದ ಹೇಳಿ ಫಾರಂ ತುಂಬಬೇಕು. ಸುಮ್ನೆ ಆಧಾರ್ ಲಿಂಕ್ ಅಂದರೆ "ಆಗಿದೆ ಹೋಗಿ" ಅಂತಾರೆ. ತಂದೆ ತಾಯಿಯ ಆಧಾರ್‌ಗೂ ಚಾಲ್ತಿಯಲ್ಲಿರುವ ಮೊಬೈಲ್ ನಂಬರ್ ಇರಲಿ.

ಎರಡನೇ ವರ್ಷಕ್ಕೆ ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಅನ್ನೋ ಶೈಕ್ಷಣಿಕ ಸಾಲ ಸಿಕ್ಕಿತು, ಶೇ 2ರ ಬಡ್ಡಿ. ಆ ಯೋಜನೆ ಇದೆ ಅಂತ ಹುಡುಕಿ ತೆಗೆದವಳೂ ಅವಳೇ. ನಿಗಮದ್ದು ಸಿಗದಿದ್ದರೆ ಬ್ಯಾಂಕಿನ ಶೈಕ್ಷಣಿಕ ಸಾಲ ನೋಡಿ. ಏಳೂವರೆ ಲಕ್ಷದವರೆಗೆ ಆಸ್ತಿ ಅಡ ಇಡದೆ ಕೊಡುವ ವ್ಯವಸ್ಥೆ ಇದೆ. ಇದು ಗೊತ್ತಿದ್ದರೆ ನನ್ನ ಸರ ಕತ್ತಿನಲ್ಲೇ ಇರುತ್ತಿತ್ತು.

ಇನ್ನೊಂದು ಮಾತು. ಇದು ಎಲ್ಲರಿಗೂ ಇಷ್ಟ ಆಗಲಿಕ್ಕಿಲ್ಲ. ಮನೆಯ ಆದಾಯ ಎಷ್ಟು, ಸಾಲ ಎಷ್ಟು ಅಂತ ಮಗಳಿಗೆ ನಿಜ ಹೇಳಿ. ನಾನು ಮುಚ್ಚಿಟ್ಟೆ. ಅದಕ್ಕೇ ಅವಳು ಕಾಲೇಜು ಆಯ್ಕೆ ಮಾಡುವ ಆಪ್ಷನ್ ಎಂಟ್ರಿಯಲ್ಲಿ ಫೀಸು ನೋಡದೆ ಕಾಲೇಜಿನ ಹೆಸರು ನೋಡಿ ಸಾಲು ಹಚ್ಚಿದಳು. ಹೇಳಿದ್ದರೆ ಬೇರೆ ಸಾಲು ಹಚ್ಚುತ್ತಿದ್ದಳು. ಅಷ್ಟು ತಿಳಿವಳಿಕೆ ಅವಳಿಗಿತ್ತು.

2025ರಲ್ಲಿ ಮಗನ ಸರದಿ ಬಂತು. ಅಕ್ಕ ಫೋನಿನಲ್ಲಿ ಹೇಳುತ್ತಾ ಹೋದಳು, ಅವನು ನನ್ನ ಹೊಲಿಗೆ ಮೆಷಿನ್ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಂಡ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು ಹೇಗಿದೆ, ಆಧಾರ್‌ನಲ್ಲಿ ಹೇಗಿದೆ, ಆರ್‌ಡಿ ನಂಬರ್, ಪತ್ರ ಕೊಟ್ಟ ದಿನ, ಮುಗಿಯುವ ದಿನ. ಆಧಾರ್‌ನಲ್ಲಿ ಒಂದು ಇನಿಷಿಯಲ್ ಇರಲಿಲ್ಲ. ಅರ್ಜಿ ಶುರುವಾಗೋಕೆ ಮೊದಲೇ ತಿದ್ದಿಸಿಕೊಂಡ. ಜಾತಿ ಆದಾಯ ಪತ್ರಕ್ಕೆ ಹಿಂದಿನ ಡಿಸೆಂಬರ್‌ನಲ್ಲೇ ಹಾಕಿದ್ದ. ವಿಚಾರಣೆಗೆ ಅಂತ ಗ್ರಾಮ ಆಡಳಿತಾಧಿಕಾರಿ ಕರೆದಾಗ ಅಪ್ಪನ ಜೊತೆ ಅವನೇ ಹೋಗಿ ನಿಂತ. ಆ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನಮ್ಮ ಸಾಲದ ಲೆಕ್ಕವೂ ಇದೆ. ನಾನು ಹೇಳಿದೆ, ಅವನು ಬರೆದುಕೊಂಡ. 2ಎನಲ್ಲಿ ಸರ್ಕಾರಿ ಕಾಲೇಜಿನಲ್ಲೇ ಸೀಟು ಸಿಕ್ಕಿತು. ಮಗಳು ಈಗ ಮೂರನೇ ವರ್ಷ.

ನಿಮ್ಮ ಮಗಳ ಪತ್ರ ಯಾವ ವರ್ಷದ್ದು ಅಂತ ನೀವು ಬರೆದಿಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಅದನ್ನು ಹೊರಗೆ ತೆಗೆದು ಅವಳ ಕೈಗೇ ಕೊಡಿ. ದಿನಾಂಕ ಅವಳೇ ಓದಲಿ. ಐದು ವರ್ಷ ದಾಟಿದ್ದರೆ ಅಥವಾ ದಾಟೋಕೆ ಬಂದಿದ್ದರೆ, ಇಬ್ಬರೂ ಸೇರಿ ನಾಡಕಚೇರಿಗೆ ಹೋಗಿ. ಅರ್ಜಿ ಶುರುವಾದ ಮೇಲೆ ಅಲ್ಲಿ ರಶ್ ಜಾಸ್ತಿ ಇರುತ್ತದೆ.