ಇಬ್ಬರು ಸೈನಿಕರಿರೋ ಸಣ್ಣ ರೋಮನ್ ಕಂಚಿನ ನಾಣ್ಯ ಯಾವ ದೊರೆಯದು ಅಂತ ಗುರುತಿಸೋದು ಹೇಗೆ?

ಮುಖ ನೋಡಿ ದೊರೆನ ಗುರುತು ಹಿಡಿಯೋ ಆಸೆ ಸದ್ಯಕ್ಕೆ ಬಿಟ್ಬಿಡಿ, ಈ ಕಾಲದ ನಾಣ್ಯಗಳಲ್ಲಿ ಅಪ್ಪ ಮಕ್ಕಳು ಎಲ್ರೂ ಹೆಚ್ಚುಕಮ್ಮಿ ಒಂದೇ ಥರ ಕಾಣ್ತಾರೆ. ನಾಣ್ಯ ತಿರುಗಿಸಿ, ಹಿಂದಿನ ಕಡೆಯಿಂದ ಶುರು ಮಾಡಿ. ನೀವು ಬರೆದಿರೋದು ಇಷ್ಟು: ಇಂಗ್ಲೆಂಡಲ್ಲಿರೋ ತಮ್ಮ ತಂದುಕೊಟ್ಟಿದ್ದು, ಅಗಲ ಸುಮಾರು 17 ಮಿಮೀ, ಒಂದು ಕಡೆ ತಲೆ, ಇನ್ನೊಂದು ಕಡೆ ಈಟಿ ಹಿಡಿದ ಇಬ್ಬರು ಸೈನಿಕರು, ಅವರ ಮಧ್ಯೆ ಕಂಬದ ಥರ ಏನೋ, ಅಕ್ಷರ ಅರ್ಧ ಸವೆದುಹೋಗಿದೆ. ಇಷ್ಟು ಗೊತ್ತಾದ್ರೆ ಕಾಲು ಶತಮಾನದ ಒಳಗೆ ಅಲ್ಲ, ಹತ್ತು ಹನ್ನೊಂದು ವರ್ಷದ ಒಳಗೇ ಕೂರಿಸಬಹುದು. ಇದು ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಮನೆತನದ ನಾಣ್ಯ, ಹೆಚ್ಚುಕಮ್ಮಿ ಕ್ರಿ.ಶ. 330ರಿಂದ 341ರ ನಡುವಿಂದು. ಸುತ್ತ 'ಗ್ಲೋರಿಯಾ ಎಕ್ಸರ್ಸಿಟುಸ್' ಅಂತ ಬರೆದಿರತ್ತೆ, ಸೈನ್ಯದ ಕೀರ್ತಿ ಅಂತ ಅರ್ಥ.

ಈಗ ಮಧ್ಯದ ಕಂಬ ಎಣಿಸಿ. ಅದು ಸೇನೆಯ ಧ್ವಜ. ಎರಡು ಇದ್ರೆ 330ರಿಂದ 335, ಒಂದೇ ಇದ್ರೆ 335ರ ನಂತರದ್ದು. ಸವೆದು ಎಷ್ಟು ಅಂತ ಕಾಣ್ದೇ ಇದ್ರೆ ತೂಕ ನೋಡಿ, ಚಿನ್ನದಂಗಡಿಯಲ್ಲಿ ಕೇಳಿದ್ರೆ ತೂಗಿಕೊಡ್ತಾರೆ, ಎರಡು ಧ್ವಜದ್ದು ಸುಮಾರು ಎರಡೂವರೆ ಗ್ರಾಂ ಇರತ್ತೆ, ಒಂದು ಧ್ವಜದ್ದು ಒಂದೂವರೆ ಗ್ರಾಂ ಆಸುಪಾಸು, ಅಗಲಾನೂ ಸ್ವಲ್ಪ ಕಮ್ಮಿ. ನಂಗೆ ಈ ನಾಣ್ಯಗಳಲ್ಲಿ ತುಂಬಾ ಇಷ್ಟದ ವಿಷಯ ಅಂದ್ರೆ ಇದೇ. ಹಿಂದಿನ ಚಕ್ರವರ್ತಿ ಡಯೋಕ್ಲೀಷಿಯನ್ 294ರ ಹೊತ್ತಿಗೆ ಹೊಸದಾಗಿ ತಂದ ದೊಡ್ಡ ಕಂಚಿನ ನಾಣ್ಯ ಸುಮಾರು 10 ಗ್ರಾಂ ಇತ್ತು, ಮೇಲೆ ತೆಳು ಬೆಳ್ಳಿ ಬೇರೆ, ಅದು ನಲವತ್ತು ಚಿಲ್ಲರೆ ವರ್ಷದಲ್ಲಿ ಈ ಚಿಕ್ಕ ಬಿಲ್ಲೆ ಆಗೋಯ್ತು. ಇಡೀ ಸಾಮ್ರಾಜ್ಯದ ಹಣದುಬ್ಬರನ ಅಂಗೈ ಮೇಲೆ ಇಟ್ಕೊಂಡು ನೋಡಬಹುದು.

ಆಮೇಲೆ ಮುಂಭಾಗಕ್ಕೆ ಬನ್ನಿ. ತಲೆ ಮೇಲೆ ಎಲೆಗಳ ಹಾರ ಇದ್ಯಾ, ಇಲ್ಲ ಮುತ್ತು ಕೂರಿಸಿದಂಥ ಪಟ್ಟಿ ಇದ್ಯಾ? ಈ ಮಾದರಿಯಲ್ಲಿ ಎಲೆ ಹಾರ ಅಂದ್ರೆ ಸಾಮಾನ್ಯವಾಗಿ ಯುವರಾಜ, ಅಂದ್ರೆ ಸೀಸರ್. ಪಟ್ಟಿ ಅಂದ್ರೆ ಪೂರ್ತಿ ಚಕ್ರವರ್ತಿ, ಅಗಸ್ಟಸ್. ಬರಹ ಕೆಳಗೆ ಎಡಗಡೆ, ಗಡಿಯಾರದಲ್ಲಿ ಏಳು ಗಂಟೆ ಇರೋ ಜಾಗದಿಂದ ಶುರುವಾಗಿ ಮೇಲಕ್ಕೆ ಸುತ್ತಿ ಬರತ್ತೆ, 'ಯು' ಅಕ್ಷರದ ಜಾಗದಲ್ಲಿ ಯಾವಾಗ್ಲೂ 'ವಿ' ಇರತ್ತೆ. ತಲೆನೋವು ಏನಪ್ಪಾ ಅಂದ್ರೆ ಕಾನ್‌ಸ್ಟಂಟಿನುಸ್, ಕಾನ್‌ಸ್ಟಂಟಿಯುಸ್, ಕಾನ್‌ಸ್ಟನ್ಸ್ ಮೂರೂ ಒಂದೇ ಥರ ಶುರುವಾಗತ್ತೆ, ಅದಕ್ಕೇ ಹೆಸರಿನ ಮೊದಲ ಭಾಗ ಓದೋಕೆ ಕಣ್ಣು ನೋಯಿಸ್ಕೋಬೇಡಿ, ಕೊನೆ ಓದಿ. 'ಮ್ಯಾಕ್ಸ್ ಎವಿಜಿ' ಕಂಡ್ರೆ ಅಪ್ಪ, ಮಹಾ ಕಾನ್‌ಸ್ಟಂಟೈನ್. 'ಐವಿಎನ್ ನೋಬ್ ಸಿ' ಅಂದ್ರೆ ಮಗ ಎರಡನೇ ಕಾನ್‌ಸ್ಟಂಟೈನ್. ಶುರುವಿನಲ್ಲಿ 'ಎಫ್‌ಎಲ್ ಐವಿಎಲ್' ಇದ್ರೆ ಬಹುಪಾಲು ಇನ್ನೊಬ್ಬ ಮಗ ಕಾನ್‌ಸ್ಟಂಟಿಯಸ್, ಕೆಲವು ಸಲ ಕಿರಿಮಗ ಕಾನ್‌ಸ್ಟನ್ಸ್. ಡೆಲ್ಮೇಷಿಯಸ್ ಅಂತ ಓದೋಕೆ ಸಿಕ್ರೆ ಖುಷಿಪಡಿ, ಅವನು ಮಹಾ ಕಾನ್‌ಸ್ಟಂಟೈನನ ತಮ್ಮನ ಮಗ, 335ರಿಂದ 337ರವರೆಗೆ ಮಾತ್ರ ಸೀಸರ್ ಆಗಿದ್ದೋನು, ಅವನ ನಾಣ್ಯ ಅಷ್ಟಾಗಿ ಸಿಗಲ್ಲ.

ಸೈನಿಕರ ಕಾಲ ಕೆಳಗೆ ಒಂದು ಅಡ್ಡಗೆರೆ ಇರತ್ತೆ, ಅದರ ಕೆಳಗಿರೋ ಪುಟ್ಟ ಅಕ್ಷರಗಳು ಟಂಕಸಾಲೆಯ ಗುರುತು. ಎಷ್ಟೋ ಜನ ಇದನ್ನ ನೋಡೋದೇ ಇಲ್ಲ, ನನ್ನ ಪ್ರಕಾರ ನಾಣ್ಯದ ಅರ್ಧ ಕಥೆ ಅಲ್ಲೇ ಇರೋದು. 'ಟಿಆರ್' ಇದ್ರೆ ಈಗಿನ ಜರ್ಮನಿಯ ಟ್ರಿಯರ್, 'ಎಸ್‌ಐಎಸ್' ಇದ್ರೆ ಕ್ರೊಯೇಷಿಯಾದ ಸಿಸಾಕ್, 'ಎಸ್‌ಎಂಎಎನ್' ಅಂದ್ರೆ ಈಗಿನ ಟರ್ಕಿಯಲ್ಲಿರೋ ಆಂಟಿಯೋಕ್, 'ಎಸ್‌ಎಂಎಎಲ್' ಅಂದ್ರೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ. 'ಕಾನ್ಸ್' ಕಂಡ ತಕ್ಷಣ ಕಾನ್‌ಸ್ಟಂಟಿನೋಪಲ್ ಅಂತ ಬರೆದುಬಿಡಬೇಡಿ, ಫ್ರಾನ್ಸಿನ ಆರ್ಲ್ ಊರಿಗೂ ಆಗ ಕಾನ್‌ಸ್ಟಂಟಿನಾ ಅಂತ ಹೆಸರಿಟ್ಟಿದ್ರು, ಅಲ್ಲಿಂದು 'ಪಿ' ಅಥವಾ 'ಎಸ್' ಮುಂದೆ ಇಟ್ಟು ಕೊನೆಗೆ 'ಟಿ' ಸೇರಿಸಿ ಬರತ್ತೆ, ಕಾನ್‌ಸ್ಟಂಟಿನೋಪಲ್ಲಿಂದಾದ್ರೆ ಟಂಕಸಾಲೆಯ ಯಾವ ವಿಭಾಗ ಹೊಡೆದಿದ್ದು ಅಂತ ಹೇಳೋ ಅಕ್ಷರ ಹಿಂದೆ ಬರತ್ತೆ. ಓದೋಕೆ ಆಗ್ದಿದ್ರೆ ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನ ನಾಣ್ಯದ ಪಕ್ಕದಿಂದ, ಮೇಜಿನ ಮಟ್ಟಕ್ಕೇ ಹಿಡಿದು ನಿಧಾನಕ್ಕೆ ಸುತ್ತ ತಿರುಗಿಸಿ, ಭೂತಗನ್ನಡಿಯಲ್ಲಿ ನೋಡಿ. ನೇರ ಬೆಳಕಲ್ಲಿ ಬರೀ ಹಸಿರು ಕಾಣೋ ಜಾಗದಲ್ಲಿ ಅಕ್ಷರದ ನೆರಳು ಎದ್ದು ಬರತ್ತೆ. ಅಷ್ಟು ಸಿಕ್ಕಮೇಲೆ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಓಸಿಆರ್‌ಇ ಅನ್ನೋ ಫ್ರೀ ಡೇಟಾಬೇಸಲ್ಲಿ ದೊರೆ, ಟಂಕಸಾಲೆ ಹಾಕಿ ಹುಡುಕಿ, ಫೋಟೋ ಸಮೇತ ಹೋಲಿಸಿ ನೋಡಬಹುದು.

ದಯವಿಟ್ಟು ಹುಣಸೆಹಣ್ಣು, ನಿಂಬೆಹಣ್ಣು, ಪೀತಾಂಬರಿ ಏನೂ ಹಾಕಿ ಉಜ್ಜಬೇಡಿ. ದೇವರ ಮನೆ ತಂಬಿಗೆಗೆ ಅದು ಸರಿ, ಇಲ್ಲಿ ಆ ಹಸಿರು ಕಂದು ಪದರದಲ್ಲೇ ಅಕ್ಷರ ಉಳ್ಕೊಂಡಿರತ್ತೆ, ಅದು ಹೋದ್ರೆ ನಾಣ್ಯನೂ ಹೋಯ್ತು. ಮಣ್ಣು ಅಂಟಿದ್ರೆ ಡಿಸ್ಟಿಲ್ಡ್ ವಾಟರಲ್ಲಿ ನೆನೆಹಾಕಿ, ನೀರು ಬದಲಾಯಿಸ್ತಾ ಇರಿ, ಮೆತ್ತಗಿನ ಬ್ರಷ್ ಸಾಕು. ತಿಳಿ ಹಸಿರು ಪುಡಿ ಉದುರೋ ಚುಕ್ಕೆ ಕಂಡ್ರೆ ಮಾತ್ರ ಹುಷಾರು, ಅದು ಕಂಚು ಒಳಗಿಂದ ತಿನ್ನೋ ಕಾಯಿಲೆ, ಅಂಥದ್ದನ್ನ ಬೇರೆ ನಾಣ್ಯಗಳ ಜೊತೆ ಇಡಬೇಡಿ, ತೇವ ತಾಗಿಸಬೇಡಿ.

ಬೆಲೆ ಕೇಳಿದ್ರಿ. ಜಾಸ್ತಿ ಇಲ್ಲ, ಇವನ್ನ ಆಗ ರಾಶಿ ರಾಶಿ ಹೊಡೆದಿದ್ರು. 2013ರಲ್ಲಿ ಇಂಗ್ಲೆಂಡಿನ ಡೆವನ್‌ನ ಸೀಟನ್ ಡೌನ್‌ನಲ್ಲಿ ಒಂದೇ ಗುಂಡಿಯಲ್ಲಿ 22,888 ನಾಣ್ಯ ಸಿಕ್ತು, ಬಹುಪಾಲು ಇದೇ ಕಾನ್‌ಸ್ಟಂಟೈನ್ ಕಾಲದ್ದು. 2016ರಲ್ಲಿ ಸ್ಪೇನಿನ ತೊಮಾರೆಸ್‌ನಲ್ಲಿ ಜಾಡಿಗಳಲ್ಲಿ ತುಂಬಿಟ್ಟ ಸುಮಾರು 600 ಕಿಲೋ ಕಂಚಿನ ನಾಣ್ಯ ಸಿಕ್ತು. ಹಾಗಂತ ಬೇಜಾರಾಗಬೇಡಿ, 1,700 ವರ್ಷ ಹಳೇದು ಇಷ್ಟು ಕಮ್ಮಿ ದುಡ್ಡಿಗೆ ಬೇರೆ ಯಾವುದು ಸಿಗತ್ತೆ ಹೇಳಿ!

ನಮ್ಮ ಕಡೆನೂ ಸಿಗತ್ತಾ ಅನ್ನೋದಕ್ಕೆ: ಕರೂರಿನ ಅಮರಾವತಿ ಹೊಳೆ, ಮಧುರೆ ಸುತ್ತಮುತ್ತ, ಶ್ರೀಲಂಕಾದಲ್ಲಿ ಈ ಕಾಲದ ಸಣ್ಣ ನಾಣ್ಯಗಳು ಸಿಕ್ಕಿವೆ, ತುಂಬಾ ಸವೆದಿರತ್ತೆ. ಕರ್ನಾಟಕದಲ್ಲಿ ಹೆಸರಾದ ರೋಮನ್ ನಾಣ್ಯಗಳು ಯಶವಂತಪುರ, ಚಂದ್ರವಳ್ಳಿಯ ಬೆಳ್ಳಿ, ಅಕ್ಕಿಆಲೂರಿನ ಚಿನ್ನ. ಮಣ್ಣಲ್ಲಿ ನಿಮಗೇ ಏನಾದ್ರೂ ಸಿಕ್ರೆ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು, ಡಿಸಿ ಆಫೀಸಿಗೆ ಹೋಗಿ. ತಮ್ಮ ತಂದಿರೋದಕ್ಕೆ ಮಾತ್ರ ಅಲ್ಲಿ ಕೊಂಡ ರಸೀದಿ ಇದ್ರೆ ನಾಣ್ಯದ ಜೊತೆಗೇ ಇಟ್ಕೊಳ್ಳಿ. ಅಡ್ಡಗೆರೆ ಕೆಳಗಿನ ಜಾಗದ ಒಂದು ಫೋಟೋ, ಪಕ್ಕದಿಂದ ಬೆಳಕು ಬಿಟ್ಟು ತೆಗೆದು ಹಾಕಿ, ಟಂಕಸಾಲೆ ಯಾವುದು ಅಂತ ನಾನೂ ನೋಡ್ತೀನಿ.