ಗೆರೆ ಸಣ್ಣಗಿದೆ ಅಂತ ಗಾಬರಿ ಬೇಡ: ಡ್ರೈ ಗಿಟಾರ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬಾಡಿಗೆ ಮನೆ ಸಾರ್, ಮೇಲ್ಗಡೆನೇ ಓನರು, ಆಂಪ್ ಆನ್ ಮಾಡೋ ಮಾತೇ ಇಲ್ಲ. ಅದಕ್ಕೆ ರಾತ್ರಿ ಹೊತ್ತು ಗಿಟಾರನ್ನ ಸೀದಾ ಇಂಟರ್‌ಫೇಸ್‌ಗೆ (ಗಿಟಾರ್ ಸಿಗ್ನಲ್ಲನ್ನ ಕಂಪ್ಯೂಟರಿಗೆ ಕೊಡೋ ಡಬ್ಬಿ) ಚುಚ್ಚಿ ಡ್ರೈ, ಅಂದ್ರೆ ಆಂಪ್ ಇಲ್ದೆ ಬರೀ ಗಿಟಾರಿನ ಸಿಗ್ನಲ್ಲನ್ನೇ, ರೆಕಾರ್ಡ್ ಮಾಡ್ಕೋತೀನಿ, ಆಮೇಲೆ ಫ್ರೆಂಡ್ ಸ್ಟುಡಿಯೋದಲ್ಲಿ ನಿಜವಾದ ಆಂಪಿಗೆ ಕೊಟ್ಟು ರೀಆಂಪ್ ಮಾಡೋ ಪ್ಲಾನು. ಆದ್ರೆ ವೇವ್‌ಫಾರ್ಮ್ ದಾರದ ಥರ ಕಾಣುತ್ತೆ, ಪೀಕ್ ಮೈನಸ್ 20 ಡಿಬಿ ದಾಟಲ್ಲ (ಮೀಟರಿನ ತುದಿ ಸೊನ್ನೆ). ಫ್ರೆಂಡು 'ಎಲ್ಲಾ ಟೇಕೂ ನಾರ್ಮಲೈಸ್ ಮಾಡಿ ಕಳ್ಸು' ಅಂತಿದಾನೆ, ಅಂದ್ರೆ ಪ್ರತಿ ಟೇಕಿನ ಪೀಕನ್ನೂ ಒಂದೇ ಮಟ್ಟಕ್ಕೆ ಏರಿಸ್ಬೇಕಂತೆ. ಮಾಡ್ಲಾ? (ಬೆಂಗಳೂರಿನ ಓದುಗ)

ಉತ್ತರ: ಬೇಡ, ಫ್ರೆಂಡ್‌ಗೆ ಬೇಜಾರಾದ್ರೂ ಪರ್ವಾಗಿಲ್ಲ.

ಮೊದ್ಲು ಆ ಮೈನಸ್ 20 ವಿಷ್ಯ. ನೀವು 24 ಬಿಟ್‌ನಲ್ಲಿ ರೆಕಾರ್ಡ್ ಮಾಡ್ತಿದೀರಿ ತಾನೇ, ಇಲ್ಲಾಂದ್ರೆ ಇವತ್ತೇ ಸೆಟ್ಟಿಂಗ್ ಬದ್ಲಾಯ್ಸಿ. ಒಂದು ಬಿಟ್‌ಗೆ ಹತ್ತತ್ರ 6 ಡಿಬಿ ಲೆಕ್ಕ, ಹಂಗಾಗಿ ಮೈನಸ್ 20ರಲ್ಲಿ ನೀವು ಕಳ್ಕೊಂಡಿದ್ದು ಮೂರು ಚಿಲ್ಲರೆ ಬಿಟ್ಟು, ಇನ್ನೂ 20 ಕೈಯಲ್ಲಿದೆ, ಸಿಡಿಯಲ್ಲಿ ಇರೋದೇ 16. ಮೀಟರ್ ಕೆಂಪಿಗೆ ಮುಟ್ಟೋ ತನಕ ಏರಿಸ್ಬೇಕು ಅನ್ನೋದು ಟೇಪ್ ಕಾಲದ ಅಭ್ಯಾಸ, ಆಗ ಟೇಪಿನ 'ಸ್ಸ್' ಶಬ್ದದಿಂದ ಮೇಲೆ ಇರ್ಬೇಕಿತ್ತು, ಈಗ ಆ ಕಷ್ಟ ಇಲ್ಲ. ನಾನು ಜೋರಾಗಿ ಬಾರಿಸಿದ ಕಾರ್ಡ್ ಮೈನಸ್ 12ರ ಆಸುಪಾಸು ಬರೋ ಹಂಗೆ ಇಟ್ಕೋತೀನಿ, ನಿಮ್ದು ಅದಕ್ಕಿಂತ ಸ್ವಲ್ಪ ಮೆಲ್ಲಗಿದೆ ಅಷ್ಟೇ. ಮೆಲ್ಲಗಿರೋದನ್ನ ಆಮೇಲೆ ಏರಿಸ್ಬೋದು. ಲೆವೆಲ್ ಮಿತಿ ಮೀರಿ ಕ್ಲಿಪ್ ಆದ (ತುದಿ ಕತ್ತರಿಸಿಹೋದ) ಡ್ರೈ ಸಿಗ್ನಲ್ಲನ್ನ ಮಾತ್ರ ಯಾವ ಆಂಪಿಗೆ ಕೊಟ್ರೂ ಆ ಕರ್ಕಶ ಹೋಗಲ್ಲ, ಸೀದುಹೋದ ಒಗ್ಗರಣೆ ಥರ, ಮೇಲೆ ಎಷ್ಟು ಸಾರು ಸುರಿದ್ರೂ ವಾಸ್ನೆ ಬಂದೇ ಬರುತ್ತೆ.

ಪೀಕ್ ಮೈನಸ್ 40 ಕೂಡ ದಾಟ್ತಿಲ್ಲ ಅಂದ್ರೆ ಮಾತ್ರ ಅನುಮಾನ ಪಡಿ. ಇಂಟರ್‌ಫೇಸ್‌ನಲ್ಲಿ 'ಇನ್‌ಸ್ಟ್ರುಮೆಂಟ್' ಬಟನ್ ಒತ್ತಿದೀರಾ ನೋಡಿ. ಆ ಇನ್‌ಪುಟ್ಟಿಗೆ ಸಾಮಾನ್ಯವಾಗಿ 10 ಲಕ್ಷ ಓಮ್ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡೋ ತಡೆ, ಇದು ಕಮ್ಮಿ ಇದ್ದಷ್ಟೂ ಗಿಟಾರಿಗೆ ಭಾರ ಜಾಸ್ತಿ) ಇರುತ್ತೆ, ಲೈನ್ ಇನ್‌ಪುಟ್ಟಿಗೆ ಹತ್ತಿಪ್ಪತ್ತು ಸಾವಿರ ಅಷ್ಟೇ, ಮಾಮೂಲಿ ಪ್ಯಾಸಿವ್ ಪಿಕಪ್ (ತಂತಿಯ ಕಂಪನ ಹಿಡಿಯೋ, ಬ್ಯಾಟರಿ ಇಲ್ಲದ ಕಾಯಿಲ್) ಆ ಭಾರ ತಡೀದೆ ಮೇಲಿನ ಸ್ವರಗಳ ಹೊಳಪೆಲ್ಲ ಕಳ್ಕೊಂಡು ಮಂಕಾಗುತ್ತೆ, ಅದನ್ನ ಆಮೇಲೆ ಈಕ್ಯೂನಲ್ಲಿ ಎತ್ತೋಕೆ ಹೋದ್ರೆ ಶೂ ಶಬ್ದಾನೂ ಜೊತೆಗೇ ಎದ್ದು ಬರುತ್ತೆ.

ಇನ್ನು ನಾರ್ಮಲೈಸ್. ಹಾಡಿದ ದನಿಗೆ ಲೆವೆಲ್ ಏರಿಸಿದ್ರೆ ವಾಲ್ಯೂಮ್ ಏರುತ್ತೆ, ಮುಗೀತು. ಗಿಟಾರ್ ಆಂಪಿಗೆ ಒಳಗೆ ಹೋಗೋ ಲೆವೆಲ್ ಏರಿಸಿದ್ರೆ ಡಿಸ್ಟಾರ್ಷನ್ನೇ ಏರುತ್ತೆ, ನಾದಾನೇ ಬೇರೆ ಆಗುತ್ತೆ. ನಾನೇ ಒಂದ್ಸಲ ಈ ತಪ್ಪು ಮಾಡಿದೀನಿ, ಒಂದು ಹಾಡಿನ ಎಂಟು ತುಣುಕನ್ನೂ ಒಂದೊಂದಾಗಿ ನಾರ್ಮಲೈಸ್ ಮಾಡ್ಬಿಟ್ಟೆ, ಪಲ್ಲವಿಗೆ ಮುಂಚೆ ಮೆಲ್ಲಗೆ ಬೆರಳಲ್ಲಿ ಮೀಟಿದ ಭಾಗ ಅದರ ಪಾಡಿಗೆ ಸಣ್ಣಗೆ ಇತ್ತು, ಅದೂ ಉಳಿದವುಗಳ ಮಟ್ಟಕ್ಕೇ ಏರಿ ಆಂಪಿಂದ ಗರಗರ ಅಂತ ಹೊರಗೆ ಬಂತು, ನುಡಿಸಿದವರು ನನ್ನ ಮುಖ ನೋಡಿದ ರೀತಿ ಇವತ್ತಿಗೂ ನೆನಪಿದೆ. ಕೈಯ ಮೆಲುಪು, ಜೋರು ಎಲ್ಲಾ ಆ ಡ್ರೈ ಸಿಗ್ನಲ್‌ನಲ್ಲೇ ಇರೋದು. ಹಾಗಾಗಿ ಗೇನ್ ನಾಬನ್ನ ಮೊದಲ ದಿನ ಎಲ್ಲಿಟ್ರೋ ಅಲ್ಲೇ ಬಿಡಿ, ಬೇಕಾದ್ರೆ ಒಂದು ಫೋಟೋ ಹೊಡ್ಕೊಳ್ಳಿ. ಏರಿಸ್ಲೇಬೇಕು ಅಂದ್ರೆ ಎಲ್ಲಾ ತುಣುಕನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿ ಒಂದೇ ಅಳತೆ, ಉದಾಹರಣೆಗೆ 8 ಡಿಬಿ, ಕೂಡಿಸಿ.

ಫ್ರೆಂಡ್ ಸ್ಟುಡಿಯೋದಲ್ಲಿ ರೀಆಂಪ್ ಬಾಕ್ಸ್ ಇದ್ಯಾ ಕೇಳಿ. ಇಂಟರ್‌ಫೇಸಿಂದ ಹೊರಗೆ ಬರೋದು ಲೈನ್ ಲೆವೆಲ್, ಆಂಪ್ ಕಾಯ್ತಿರೋದು ಗಿಟಾರಿನ ಸಣ್ಣ ಸಿಗ್ನಲ್ಲಿಗೆ, ನಡುವೆ ಆ ಡಬ್ಬಿ ಲೆವೆಲ್ ಇಳಿಸಿ ಇಂಪೀಡೆನ್ಸ್ ಹೊಂದಿಸುತ್ತೆ, ಒಳಗೆ ಟ್ರಾನ್ಸ್‌ಫಾರ್ಮರ್ ಇದ್ರೆ ಅರ್ತ್ ಲೂಪಿನ ಗುಂಯ್‌ಗುಡೋದನ್ನೂ ಕಡಿಯುತ್ತೆ. ಅಮೆರಿಕದ ರೆಕಾರ್ಡಿಂಗ್ ಇಂಜಿನಿಯರ್ ಜಾನ್ ಕ್ಯೂನಿಬರ್ಟಿ 1990ರ ದಶಕದಲ್ಲಿ ಇಂಥದ್ದನ್ನ 'ರೀಆಂಪ್' ಅಂತ್ಲೇ ಹೆಸರಿಟ್ಟು ಮಾರೋಕೆ ತಂದ, ಈಗ ಆ ಹೆಸರೇ ಕೆಲಸದ ಹೆಸರಾಗಿದೆ. ಅಲ್ಲಿಗೆ ಹೋಗೋವಾಗ ಗಿಟಾರೂ ತಗೊಂಡ್ಹೋಗಿ. ಮೊದ್ಲು ಗಿಟಾರನ್ನೇ ಆಂಪಿಗೆ ಸಿಗಿಸಿ ಫೈಲಲ್ಲಿರೋ ರಿಫ್ಫನ್ನೇ (ಮತ್ತೆ ಮತ್ತೆ ಬರೋ ಗಿಟಾರ್ ಸಾಲು) ಬಾರಿಸಿ ಕೇಳಿ, ಆಮೇಲೆ ಬಾಕ್ಸ್ ಮೂಲಕ ಫೈಲ್ ಬಿಟ್ಟು ಎರಡೂ ಒಂದೇ ಥರ ಕೇಳೋ ತನಕ ಬಾಕ್ಸಿನ ನಾಬ್ ತಿರುಗಿಸಿ. ನಿಮ್ಮ ಫೈಲ್ ಮೈನಸ್ 20 ಇತ್ತಾ ಮೈನಸ್ 12 ಇತ್ತಾ ಅನ್ನೋದು ಅಲ್ಲಿಗೆ ಯಾರಿಗೂ ಬೇಡದ ವಿಷ್ಯ.

ಪ್ರಶ್ನೆ: ಡ್ರೈ ಕೇಳಿದ್ರೆ ಪರ್ವಾಗಿಲ್ಲ, ಆಂಪ್ ಸಿಮ್ಯುಲೇಟರ್ (ಕಂಪ್ಯೂಟರಲ್ಲೇ ಆಂಪಿನ ನಾದ ಕೊಡೋ ಸಾಫ್ಟ್‌ವೇರ್) ಹಾಕಿದ ತಕ್ಷಣ ಜೇನುಗೂಡಿಗೆ ಕಲ್ಲು ಹೊಡ್ದಂಗೆ ಜುಂಯ್ ಅನ್ನುತ್ತೆ. ಇಂಟರ್‌ಫೇಸ್ ಹೋಗಿದ್ಯಾ? (ದಾವಣಗೆರೆ)

ಉತ್ತರ: ಹೋಗಿರೋದು ಕಮ್ಮಿ. ಹೈ ಗೇನ್ ಆಂಪು ಸಣ್ಣದನ್ನೆಲ್ಲ ಎತ್ತಿ ಕೂರಿಸುತ್ತೆ, ಗಿಟಾರ್ ಜೊತೆ ಮನೆಯ ಕರೆಂಟನ್ನೂ. ನಮ್ಮಲ್ಲಿ ಅದು 50 ಹರ್ಟ್ಜ್, ಅದರ ಮೇಲೆ 100, 150 ಹೀಗೆ ಸಂತಾನ. ಸಿಂಗಲ್ ಕಾಯಿಲ್ ಪಿಕಪ್ ಇದನ್ನೆಲ್ಲ ಚೆನ್ನಾಗಿ ಹಿಡಿಯುತ್ತೆ, ಅದಕ್ಕೇ ಗಿಟಾರ್ ಕಂಪನಿ ಗಿಬ್ಸನ್ನಿನ ಸೆಥ್ ಲವರ್ ಒಂದರ ಗುಂಯ್ ಇನ್ನೊಂದು ಅಳಿಸೋ ಹಂಗೆ ಎರಡು ಕಾಯಿಲ್ ಕೂಡಿಸಿ ಹಂಬಕರ್ ಮಾಡಿ 1955ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು.

ಹೆಡ್‌ಫೋನ್ ಹಾಕ್ಕೊಂಡು ಸಿಮ್ಯುಲೇಟರ್ ಆನ್ ಇಟ್ಟು ಗಿಟಾರ್ ಹಿಡಿದು ತಿರುಗೋ ಕುರ್ಚಿಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿ, ಎಲ್ಲೋ ಒಂದು ದಿಕ್ಕಲ್ಲಿ ಜುಂಯ್ ಥಟ್ಟಂತ ಇಳಿಯುತ್ತೆ, ಅಲ್ಲೇ ಕೂತು ನುಡಿಸಿ. ಆಮೇಲೆ ಫ್ಯಾನ್ ರೆಗ್ಯುಲೇಟರ್ ಆಫ್ ಮಾಡಿ ನೋಡಿ, ಎಲ್‌ಇಡಿ ಬಲ್ಬ್ ಆಫ್ ಮಾಡಿ ನೋಡಿ, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಎಷ್ಟೋ ಸಲ ಕಳ್ಳ ಇವುಗಳಲ್ಲೇ ಸಿಗ್ತಾನೆ. ಯುಎಸ್‌ಬಿಯಿಂದಲೇ ಓಡೋ ಇಂಟರ್‌ಫೇಸ್ ಇದ್ರೆ ಕರೆಂಟ್ ಹೋದ ಹೊತ್ತೇ ನಿಮಗೆ ಶುಭಮುಹೂರ್ತ, ಇನ್ವರ್ಟರ್ ಮಾತ್ರ ಆಫ್ ಇರ್ಲಿ, ಹಳೇ ಇನ್ವರ್ಟರುಗಳ ಗಲಾಟೆ ಕರೆಂಟಿಗಿಂತ ಜಾಸ್ತಿ. ಯಾರೋ ಹೇಳಿದ್ರು ಅಂತ ಪ್ಲಗ್ಗಿನ ಅರ್ತ್ ಪಿನ್ ಮಾತ್ರ ಮುರೀಬೇಡಿ, ಲೋಹದ ತಂತಿ ಮುಟ್ಕೊಂಡು ಕೂತಿರೋರು ನೀವು, ಜೀವದ ವಿಷ್ಯ ಅದು.

ಉಳಿದಿದ್ದಕ್ಕೆ ನಾಯ್ಸ್ ಗೇಟ್, ಅಂದ್ರೆ ನುಡಿಸದೇ ಇದ್ದಾಗ ಶಬ್ದ ಮುಚ್ಚೋ ಬಾಗಿಲು. ಅದು ಡ್ರೈ ಸಿಗ್ನಲ್ ಕೇಳಿ ತೆರೆದು ಮುಚ್ಚೋ ಹಂಗೆ ಹಾಕಿ, ಯಾಕಂದ್ರೆ ಅಲ್ಲಿ ನುಡಿಸಿದ್ದಕ್ಕೂ ಸುಮ್ನಿರೋದಕ್ಕೂ ವ್ಯತ್ಯಾಸ ದೊಡ್ಡದು, ಡಿಸ್ಟಾರ್ಷನ್ ಆದ್ಮೇಲೆ ಎರಡೂ ಹೆಚ್ಚೂಕಮ್ಮಿ ಒಂದೇ ಎತ್ತರ. ಪ್ರತಿ ಟೇಕಿಗೂ ಮುಂಚೆ ಐದು ಸೆಕೆಂಡ್ ಕೈ ಕಟ್ಕೊಂಡು ಸುಮ್ನೆ ರೆಕಾರ್ಡ್ ಮಾಡಿ, ಗೇಟ್ ಹೊಂದಿಸೋಕೆ ಕೆಲಸಕ್ಕೆ ಬರುತ್ತೆ.

ಪ್ರಶ್ನೆ: ರಿಫ್ ಟೈಟ್ ಮಾಡೋಕೆ ಡಿಸ್ಟಾರ್ಷನ್ ಟ್ರ್ಯಾಕ್ ಕತ್ತರಿಸಿದ್ರೆ ಜೋಡಿಸಿದ ಕಡೆಯೆಲ್ಲ ಟಿಕ್ ಟಿಕ್. (ಹುಬ್ಬಳ್ಳಿ)

ಉತ್ತರ: ಅದನ್ನ ಮುಟ್ಟಬೇಡಿ, ಡ್ರೈ ಟ್ರ್ಯಾಕ್ ಕತ್ತರಿಸಿ. ಡಿಸ್ಟಾರ್ಷನ್ ವೇವ್‌ಫಾರ್ಮ್ ಇಟ್ಟಿಗೆ ಗೋಡೆ ಥರ ಇರುತ್ತೆ, ಪ್ಲೆಕ್ಟ್ರಮ್ ಎಲ್ಲಿ ತಾಗ್ತು ಅಂತ ಹುಡುಕೋದೇ ಕಷ್ಟ, ಡ್ರೈನಲ್ಲಿ ಪ್ರತಿ ಹೊಡೆತಾನೂ ಮುಳ್ಳಿನ ಥರ ಎದ್ದು ಕಾಣುತ್ತೆ. ಮುಳ್ಳಿನ ಒಂಚೂರು ಮುಂಚೆ ಕತ್ತರಿಸಿ, ಎರಡು ಮೂರು ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ತುಣುಕು ಇಳೀತಾ ಇನ್ನೊಂದು ಏರೋದು) ಕೊಡಿ, ಎಲ್ಲಾ ಮುಗಿದ್ಮೇಲೆ ರೀಆಂಪ್ ಮಾಡಿ. ಆಂಪಿಗೆ ಅದು ಒಂದೇ ಉಸಿರಲ್ಲಿ ನುಡಿಸಿದಂಗೆ ಹೋಗುತ್ತೆ, ಜೋಡಣೆ ಮೇಲೆ ಡಿಸ್ಟಾರ್ಷನ್ ಹರಿದು ಗುರುತೇ ಉಳಿಯಲ್ಲ. ಎಡಕ್ಕೊಂದು ಬಲಕ್ಕೊಂದು ಗಿಟಾರ್ ಬೇಕು ಅಂದ್ರೆ ಎರಡು ಸಲ ನುಡಿಸ್ಲೇಬೇಕು, ಒಂದನ್ನೇ ಕಾಪಿ ಹೊಡ್ದು ಎರಡೂ ಕಡೆ ಇಟ್ರೆ ಅದು ನಡುವಿನ ಒಂದೇ ಗಿಟಾರಾಗಿ ಕೇಳುತ್ತೆ, ಜೋರು ಅಷ್ಟೇ ಜಾಸ್ತಿ.

ಪ್ರಶ್ನೆ: ಡ್ರೈ ಕೇಳ್ಕೊಂಡು ನುಡಿಸಿದ್ರೆ ಕೈನೇ ಓಡಲ್ಲ, ಸಪ್ಪೆ. (ಮಂಗಳೂರು)

ಉತ್ತರ: ಡ್ರೈ ಯಾಕ್ರೀ ಕೇಳ್ತೀರಾ? ರೆಕಾರ್ಡ್ ಆಗೋದು ಮಾತ್ರ ಡ್ರೈ ಇರ್ಲಿ, ಕಿವಿಗೆ ಸಿಮ್ಯುಲೇಟರ್ ಹಾಕ್ಕೊಳ್ಳಿ. ಸಪ್ಪೆ ಶಬ್ದ ಕೇಳಿದ್ರೆ ಬೇಕಿಲ್ಲದೆ ಜೋರಾಗಿ ಬಾರಿಸ್ತೀರಿ, ತಂತಿ ಶ್ರುತಿ ಏರಿಹೋಗುತ್ತೆ, ಅದನ್ನ ಯಾವ ಆಂಪೂ ಸರಿ ಮಾಡಲ್ಲ. ನುಡಿಸಿದ್ದು ಕಿವಿಗೆ ತಡವಾಗಿ ಬರದಂಗೆ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳೋ ಶಬ್ದದ ತುತ್ತು) 128 ಸ್ಯಾಂಪಲ್‌ಗೆ ಇಳಿಸಿ, 48 ಕಿಲೋಹರ್ಟ್ಜ್‌ನಲ್ಲಿ ಅದು 2.7 ಮಿಲಿಸೆಕೆಂಡ್, ಒಳಗೆ ಬಂದು ಹೊರಗೆ ಹೋಗೋ ಹೊತ್ತಿಗೆ ಅದರ ಎರಡು ಮೂರು ಪಟ್ಟು, ಕೈಗೆ ಅಷ್ಟೇನೂ ಗೊತ್ತಾಗಲ್ಲ. ಲ್ಯಾಪ್‌ಟಾಪ್ ಏದುಸಿರು ಬಿಟ್ರೆ ಬೇರೆ ಟ್ರ್ಯಾಕಿನ ಪ್ಲಗಿನ್ನುಗಳನ್ನ ಆಫ್ ಮಾಡ್ಕೊಳ್ಳಿ.