ಜಪಾನ್ ಮತ್ತೆ ಅಣು ವಿದ್ಯುತ್ ಕಡೆ ಹೋಗಿದ್ದು ಯಾಕೆ?

2011ರ ಭೂಕಂಪ, ಸುನಾಮಿಯಿಂದ ಫುಕುಶಿಮಾ ಅಣುಸ್ಥಾವರದಲ್ಲಿ ದುರಂತ ಆದಮೇಲೂ ಜಪಾನ್ ಅಣುಸ್ಥಾವರಗಳನ್ನು ಮತ್ತೆ ಶುರು ಮಾಡುತ್ತಿದೆಯಲ್ಲ, ಅವರಿಗೆ ಭಯ ಇಲ್ವಾ ಅಂತ ಕೇಳಿದ್ದೀರಿ. ಭಯ ಖಂಡಿತ ಇದೆ. ಆದರೆ ಆ ದೇಶದಲ್ಲಿ ಹೇಳಿಕೊಳ್ಳುವಷ್ಟು ಎಣ್ಣೆಯೂ ಇಲ್ಲ, ಗ್ಯಾಸೂ ಇಲ್ಲ. 2011ಕ್ಕೆ ಮುಂಚೆ 54 ರಿಯಾಕ್ಟರುಗಳಿಂದ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಕರೆಂಟ್ ಬರುತ್ತಿತ್ತು. ಅವು ನಿಂತಾಗ ಆ ಜಾಗ ತುಂಬಿದ್ದು ಹಡಗಿನಲ್ಲಿ ತರಿಸುವ ಗ್ಯಾಸ್, ಕಲ್ಲಿದ್ದಲು. 2022ರಲ್ಲಿ ಯುಕ್ರೇನ್ ಯುದ್ಧದಿಂದ ಗ್ಯಾಸ್ ಬೆಲೆ ಗಗನಕ್ಕೇರಿದಾಗ ಜನರ ಬಿಲ್ಲೂ ಏರಿತು, ಅಭಿಪ್ರಾಯ ಬದಲಾಗಿದ್ದು ಜಾಸ್ತಿ ಅಲ್ಲೇ.

ಹಾಗಂತ ಸುಮ್ನೆ ಸ್ವಿಚ್ ಹಾಕಿದ್ದಲ್ಲ. ಒನಗಾವಾ ಸ್ಥಾವರವನ್ನೇ ನೋಡಿ. ಭೂಕಂಪದ ಕೇಂದ್ರಕ್ಕೆ ಫುಕುಶಿಮಾಗಿಂತ ಹತ್ತಿರ ಇದ್ದದ್ದು ಅದು, ಆದರೆ ಎತ್ತರದಲ್ಲಿ ಕಟ್ಟಿದ್ದರಿಂದ ಉಳಿಯಿತು, ಮನೆ ಕಳಕೊಂಡ ಮುನ್ನೂರಕ್ಕೂ ಹೆಚ್ಚು ಜನ ಆ ಸ್ಥಾವರದ ಜಿಮ್‌ನಲ್ಲೇ ಆಶ್ರಯ ಪಡೆದರು. ಅಷ್ಟಾದರೂ ಸಮುದ್ರಮಟ್ಟದಿಂದ 29 ಮೀಟರ್ ಎತ್ತರದ ತಡೆಗೋಡೆ ಕಟ್ಟಿ, ಹೊಸ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ ಎರಡನೇ ರಿಯಾಕ್ಟರ್ ಶುರುವಾಗುವ ಹೊತ್ತಿಗೆ 2024ರ ಅಕ್ಟೋಬರ್ ಬಂತು. ಹದಿಮೂರು ವರ್ಷ!

2025ರ ಫೆಬ್ರವರಿಯ ಇಂಧನ ಯೋಜನೆಯಲ್ಲಿ 'ಅಣು ಅವಲಂಬನೆ ಆದಷ್ಟು ಕಡಿಮೆ ಮಾಡುತ್ತೇವೆ' ಅನ್ನುವ ಮಾತನ್ನೇ ತೆಗೆದುಹಾಕಿದರು. 2040ಕ್ಕೆ ಸುಮಾರು ಶೇ. 20 ಅಣುವಿನಿಂದ ಬರಬೇಕು ಅನ್ನೋದು ಗುರಿ, ಸೌರ, ಗಾಳಿ ಇತ್ಯಾದಿಯಿಂದ ಶೇ. 40ರಿಂದ 50.

ನನಗೆ ಈ ನಿರ್ಧಾರ ಸರಿ ಅನಿಸುತ್ತದೆ. ಚಿಂತೆ ಇರೋದು ತ್ಯಾಜ್ಯದ ಬಗ್ಗೆ. ರೊಕ್ಕಾಶೋ ಅನ್ನುವ ಊರಿನಲ್ಲಿ, ರಿಯಾಕ್ಟರುಗಳಲ್ಲಿ ಬಳಸಿದ ಇಂಧನ ಸಂಸ್ಕರಿಸುವ ಘಟಕದ ಕೆಲಸ 1993ರಲ್ಲಿ ಶುರುವಾಗಿದ್ದು, ಮುಗಿಸುವ ದಿನಾಂಕ ಮತ್ತೆ ಮತ್ತೆ ಮುಂದಕ್ಕೆ ಹೋಗುತ್ತಲೇ ಬಂದಿದೆ.